ಗಡಿಯಾರ ತಪ್ಪಿದ ಟರ್ಬೊ ಕಾರು: ಘಾಟಿಯಲ್ಲಿ ಒಡೆದದ್ದು ಪಿಸ್ಟನ್, ಗ್ಯಾರೇಜಿನಲ್ಲಿ ಎದ್ದದ್ದು ಜಗಳ!

ಕಾರು ಕೆಟ್ಟು ನಿಂತರೆ ಅದು ಸುದ್ದಿಯಲ್ಲ. ದಿನಕ್ಕೆ ಹತ್ತು ಕಾರು ಕೆಡುತ್ತವೆ, ಹತ್ತು ರಿಪೇರಿಯಾಗುತ್ತವೆ. ಆದರೆ ಕೆಟ್ಟ ಕಾರಿನ ಹೆಸರಿನಲ್ಲಿ ಇಬ್ಬರು ಮೆಕ್ಯಾನಿಕ್ಕುಗಳು ಪರಸ್ಪರ ಮಾತು ಬಿಟ್ಟು, ಒಬ್ಬ ವ್ಯಾಪಾರಸ್ಥರು "ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ" ಎನ್ನುವ ಮಟ್ಟಕ್ಕೆ ಹೋಗಿ, ಆಗತಾನೇ ಶೆಡ್ ಹಾಕಿಕೊಂಡ ಹುಡುಗನೊಬ್ಬನ ಹೊಟ್ಟೆಪಾಡಿಗೆ ಸಂಚಕಾರ ಬಂದರೆ? ಆಗ ಅದು ಸುದ್ದಿಯೇ. ಅದರಲ್ಲೂ ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಬರೀ ಎಂಟು ಡಿಗ್ರಿ ಎಂದರೆ ನಂಬುತ್ತೀರಾ? ಬಿಸಿಲಿನ ಡಿಗ್ರಿಯಲ್ಲ ಸ್ವಾಮಿ, ಎಂಜಿನ್ನಿನ ಟೈಮಿಂಗಿನ ಡಿಗ್ರಿ!

ಸಂಗತಿ ಇಷ್ಟು. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ವ್ಯಾಪಾರ ಮಾಡುವ ಒಬ್ಬರಿಗೆ ಹಳೇ ಕಾರುಗಳ ಹುಚ್ಚು. ಹೊರದೇಶದಿಂದ ಬಂದವರೊಬ್ಬರು ತಂದು, ಮೂರು ಕೈ ದಾಟಿದ ಹಳೇ ಟೊಯೋಟ ಟರ್ಬೊ ಕಾರೊಂದನ್ನು ಅವರು ಕೊಂಡರು. ಸೆಲಿಕಾ ಜಿಟಿ-ಫೋರ್ ಎಂದು ಅದರ ಹೆಸರು. ರ‍್ಯಾಲಿ ನೋಡುವ ಚಾಳಿಯಿದ್ದವರಿಗೆ ಹೇಳಬೇಕಾಗಿಲ್ಲ. ಸ್ಪೇನಿನ ಕಾರ್ಲೋಸ್ ಸೈನ್ಸ್ 1990ರಲ್ಲಿ ವಿಶ್ವ ರ‍್ಯಾಲಿ ಚಾಂಪಿಯನ್ ಆದದ್ದು ಇದೇ ಹೆಸರಿನ ಕಾರಿನಲ್ಲಿ. ಎರಡು ಲೀಟರಿನ ಎಂಜಿನ್, ನಾಲ್ಕು ಚಕ್ರಕ್ಕೂ ಎಳೆತ, ಮೇಲೊಂದು ಟರ್ಬೊ.

ಕಾರು ಬಂತು. ಓಡಿತು. ಆದರೆ "ಯಾಕೋ ಸ್ವಲ್ಪ ಒರಟು" ಎಂದು ಅವರಿಗೆ ಅನಿಸಿತು. ಒಂದು ಗ್ಯಾರೇಜಿಗೆ ಬಿಟ್ಟರು. ಅಲ್ಲಿ ಟೈಮಿಂಗ್ ಲೈಟು ಹಿಡಿದು ನೋಡಿ "ಜಾಸ್ತಿ ಇದೆ" ಎಂದು ಇಳಿಸಿದರು. ಕಾರು ಮಂಕಾಯಿತು. ಪಿಕಪ್ಪು ಹೋಯಿತು, ಎಂಜಿನ್ ಕಾಯತೊಡಗಿತು. ಇನ್ನೊಂದು ಗ್ಯಾರೇಜಿಗೆ, ಹೊಸದಾಗಿ ಶೆಡ್ ಹಾಕಿದ್ದ ಹುಡುಗನ ಬಳಿಗೆ ಹೋದರು. ಅವನು ಕಿವಿಯಿಂದಲೇ ಕೇಳಿ, ಡಿಸ್ಟ್ರಿಬ್ಯೂಟರನ್ನು ತಿರುಗಿಸಿ, "ಈಗ ನೋಡಿ ಸಾರ್, ಹುಲಿ!" ಅಂದ. ಹುಲಿಯೇ ಆಯಿತು. ಮರು ಭಾನುವಾರ ಸಂಸಾರ ಸಮೇತ ಉಡುಪಿಗೆ ಹೋಗಿ, ಬರುವಾಗ ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತಿದರು. ಹದಿನಾಲ್ಕು ಹೇರ್‌ಪಿನ್ ತಿರುವು. ಮಧ್ಯದಲ್ಲೆಲ್ಲೋ ಹುಲಿ ಕೆಮ್ಮಿತು. ಹಿಂದೆ ನೀಲಿ ಹೊಗೆ, ಮುಂದೆ ಎಣ್ಣೆಯ ಕಮಟು ವಾಸನೆ. ಕಾರು ಲಾರಿಯ ಮೇಲೆ ಊರಿಗೆ ಬಂತು.

ಬಿಚ್ಚಿ ನೋಡಿದರೆ ಮೂರನೇ ಸಿಲಿಂಡರಿನ ಪಿಸ್ಟನ್ ಒಡೆದಿತ್ತು. ರಿಂಗು ಕೂರುವ ಅಂಚು ಚೂರಾಗಿತ್ತು. ತಪ್ಪು ಯಾರದು? ಮೊದಲನೆಯವರು ಎರಡನೆಯವನ ಮೇಲೆ, ಎರಡನೆಯವನು ಪೆಟ್ರೋಲ್ ಬಂಕಿನ ಮೇಲೆ, ಯಜಮಾನರು ಎಲ್ಲರ ಮೇಲೆ!

ಮಧ್ಯಸ್ಥಿಕೆಗೆ ಬಂದ ಹಿರಿಯ ಮೇಸ್ತ್ರಿ

ಈ ಪಂಚಾಯಿತಿ ಕೊನೆಗೆ ಬಂದು ನಿಂತದ್ದು ಒಬ್ಬ ಹಿರಿಯ ಮೇಸ್ತ್ರಿಗಳ ಮುಂದೆ. ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಕಾಲದಿಂದ ಕೈಗೆ ಗ್ರೀಸು ಹಚ್ಚಿಕೊಂಡವರು. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಅವರು ಮಾಡಿದ ಮೊದಲ ಕೆಲಸವೇನೆಂದರೆ, ಕಾರನ್ನು ಯಾರೂ ಬಿಚ್ಚುವ ಮೊದಲೇ ಎಲ್ಲರನ್ನೂ ಸುಮ್ಮನಿರಿಸಿ, ಮೂರು ಸಿಲಿಂಡರಿನ ಮೇಲೆ ಕುಂಟುತ್ತಿದ್ದ ಎಂಜಿನ್ನನ್ನು ಎರಡು ನಿಮಿಷ ಓಡಿಸಿ ಟೈಮಿಂಗ್ ನೋಡಿದ್ದು. ಇರಬೇಕಾದ್ದು 10 ಡಿಗ್ರಿ. ಕಂಡದ್ದು 18!

"ಬಿಚ್ಚಿದ ಮೇಲೆ ಪುರಾವೆ ಎಲ್ಲಿರ್ತದೆ? ಮೊದ್ಲು ನೋಡ್ಬೇಕು, ಆಮೇಲೆ ಸ್ಪ್ಯಾನರ್ ಎತ್ಬೇಕು" ಎನ್ನುತ್ತಾರೆ ಅವರು. ಪೊಲೀಸರಿಗೂ ಒಪ್ಪುವ ಮಾತು!

ಈ 10, 18 ಎಂದರೇನು? ನಮಗೇಕೆ ಈ ಉಸಾಬರಿ, ನಾವು ಹೋಗುವುದು ಸಿಟಿ ಬಸ್ಸಿನಲ್ಲಿ ಎನ್ನಬೇಡಿ. ಸ್ಕೂಟರಿನಿಂದ ಹಿಡಿದು ಕಾರಿನ ತನಕ ಪೆಟ್ರೋಲ್ ಕುಡಿಯುವ ಪ್ರತಿ ಗಾಡಿಯ ಗುಟ್ಟೂ ಇದರಲ್ಲಿದೆ.

ಕಿಡಿ ಹಾರುವ ಮುಹೂರ್ತ

ಸಿಲಿಂಡರಿನೊಳಗೆ ಪಿಸ್ಟನ್ ಮೇಲೆ ಕೆಳಗೆ ಓಡುತ್ತದೆ. ಗಾಳಿ ಪೆಟ್ರೋಲಿನ ಮಿಶ್ರಣವನ್ನು ಅದುಮಿ ಮೇಲಕ್ಕೆ ಬಂದಾಗ ಪ್ಲಗ್ಗು ಕಿಡಿ ಕೊಡುತ್ತದೆ. ಬೆಂಕಿ ಹತ್ತುತ್ತದೆ, ಪಿಸ್ಟನ್ ಕೆಳಗೆ ದೂಡಿಸಿಕೊಳ್ಳುತ್ತದೆ, ಚಕ್ರ ತಿರುಗುತ್ತದೆ. ಇಷ್ಟು ಎಲ್ಲರಿಗೂ ಗೊತ್ತು.

ಗೊತ್ತಿಲ್ಲದ್ದು ಇದು: ಬೆಂಕಿ ಹತ್ತಿದ ತಕ್ಷಣ ಪೂರ್ತಿ ಉರಿಯುವುದಿಲ್ಲ. ಅದಕ್ಕೂ ಸಮಯ ಬೇಕು. ಸೆಕೆಂಡಿನ ಸಾವಿರ ಭಾಗದಲ್ಲಿ ಒಂದೆರಡು ಭಾಗ ಅಷ್ಟೇ, ಆದರೂ ಬೇಕು. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತಿದ್ದರೆ, ಸೆಕೆಂಡಿನ ಒಂದು ಸಾವಿರದ ಭಾಗದಲ್ಲಿ ಅದು 18 ಡಿಗ್ರಿ ತಿರುಗಿಬಿಡುತ್ತದೆ. ಲೆಕ್ಕ ಹಾಕಿ ನೋಡಿ. ಹಾಗಾಗಿ ಪಿಸ್ಟನ್ ತುತ್ತತುದಿಗೆ ಬಂದ ಮೇಲೆ ಕಿಡಿ ಕೊಟ್ಟರೆ ಕೆಲಸ ಕೆಟ್ಟಿತು. ಬೆಂಕಿ ಜೋರಾಗುವಷ್ಟರಲ್ಲಿ ಪಿಸ್ಟನ್ ಆಗಲೇ ಕೆಳಗಿಳಿಯತೊಡಗಿರುತ್ತದೆ. ಅದಕ್ಕೇ ತುದಿ ಮುಟ್ಟುವ ಮೊದಲೇ ಕಿಡಿ ಕೊಡಬೇಕು. ತುದಿ ದಾಟಿ ಹದಿನೈದು ಡಿಗ್ರಿಯ ಸುಮಾರಿಗೆ ಒತ್ತಡ ಶಿಖರಕ್ಕೆ ಏರಿದರೆ ಪಿಸ್ಟನ್ನಿಗೆ ಸರಿಯಾದ ದೂಡಿಕೆ ಸಿಗುತ್ತದೆ. ತುದಿಗೆ ಎಷ್ಟು ಡಿಗ್ರಿ ಮುಂಚೆ ಕಿಡಿ ಕೊಡುತ್ತೇವೋ ಅದೇ ಟೈಮಿಂಗ್. ಮುಂಚೆ ಕೊಟ್ಟರೆ ಅಡ್ವಾನ್ಸು, ತಡವಾಗಿ ಕೊಟ್ಟರೆ ರಿಟಾರ್ಡು.

"ಉಯ್ಯಾಲೆ ತೂಗೋದಿಲ್ವಾ, ಹಂಗೇ" ಎಂದರು ಮೇಸ್ತ್ರಿ. "ಉಯ್ಯಾಲೆ ಹಿಂದಕ್ಕೆ ಬರ್ತಾ ಇರೋವಾಗ್ಲೇ ಎದುರಿಗೆ ನಿಂತು ದೂಡಿದ್ರೆ ನಿಮ್ ಕೈ ಮುರೀತದೆ. ಪೂರ್ತಿ ಮುಂದೆ ಹೋದ್ಮೇಲೆ ದೂಡಿದ್ರೆ ಗಾಳಿ ದೂಡಿದ ಹಾಗೆ."

ಬ್ಯಾಟರಿ, ಕಾಯಿಲು, ಪಾಯಿಂಟು, ಡಿಸ್ಟ್ರಿಬ್ಯೂಟರ್ ಸೇರಿಸಿ ಕಿಡಿ ಹಂಚುವ ಉಪಾಯ ಅಮೆರಿಕದ ಚಾರ್ಲ್ಸ್ ಕೆಟೆರಿಂಗನದು. 1912ರ ಕ್ಯಾಡಿಲಾಕ್ ಕಾರಿನಲ್ಲಿ ಅದು ಸೆಲ್ಫ್ ಸ್ಟಾರ್ಟರ್ ಜೊತೆಗೇ ಬಂತು. ನಮ್ಮ ಅಂಬಾಸಡರ್, ಪದ್ಮಿನಿಗಳೂ ಅದೇ ವಂಶ. ಡಿಸ್ಟ್ರಿಬ್ಯೂಟರಿನ ಹೊಟ್ಟೆಯಲ್ಲಿ ಎರಡು ಪುಟ್ಟ ತೂಕದ ತುಂಡು. ಎಂಜಿನ್ ಜೋರಾದಂತೆ ಅವು ಅಗಲಕ್ಕೆ ಹರಡಿ ಟೈಮಿಂಗನ್ನು ತಾವಾಗಿಯೇ ಮುಂದಕ್ಕೆ ಒಯ್ಯುತ್ತವೆ. ಪಕ್ಕದಲ್ಲಿ ಒಂದು ವ್ಯಾಕ್ಯೂಮ್ ಡಬ್ಬಿ. ಗಾಡಿಯ ಮೇಲೆ ಭಾರ ಕಮ್ಮಿಯಿದ್ದಾಗ ಅದು ಇನ್ನೂ ಸ್ವಲ್ಪ ಮುಂದೆ ಎಳೆಯುತ್ತದೆ. ಇವೆರಡೂ ಎಲ್ಲಿಂದ ಲೆಕ್ಕ ಶುರು ಮಾಡುತ್ತವೋ, ಆ ಶುರುವಿನ ಜಾಗವೇ ಬೇಸ್ ಟೈಮಿಂಗ್.

ಬಸ್ ಸ್ಟ್ಯಾಂಡಿನ ಗಡಿಯಾರ ಐದು ನಿಮಿಷ ಮುಂದಿದ್ದರೆ...

ಹಳೇ ಟರ್ಬೊ ಕಾರಿನಲ್ಲಿ ಇನ್ನೊಂದು ತೊಡಕು. ಡಿಸ್ಟ್ರಿಬ್ಯೂಟರ್ ಇರುತ್ತದೆ, ಜೊತೆಗೆ ಕಂಪ್ಯೂಟರ್ ಡಬ್ಬಿಯೂ ಇರುತ್ತದೆ. ಎಷ್ಟು ಸುತ್ತಿಗೆ, ಎಷ್ಟು ಭಾರಕ್ಕೆ ಎಷ್ಟು ಡಿಗ್ರಿ ಎಂಬ ಪಟ್ಟಿ ಆ ಡಬ್ಬಿಯಲ್ಲಿದೆ. ತೂಕದ ತುಂಡುಗಳ ಕೆಲಸ ಅದೇ ಮಾಡುತ್ತದೆ. ಆದರೆ ಪಿಸ್ಟನ್ ಎಲ್ಲಿದೆ ಎಂದು ಅದಕ್ಕೆ ಹೇಳುವುದು ಡಿಸ್ಟ್ರಿಬ್ಯೂಟರೇ.

ಇದನ್ನು ಹೀಗೆ ತಿಳಿಯಿರಿ. ಡಬ್ಬಿಯಲ್ಲಿರುವುದು ಬಸ್ಸಿನ ವೇಳಾಪಟ್ಟಿ. ಡಿಸ್ಟ್ರಿಬ್ಯೂಟರ್ ಎಂದರೆ ಬಸ್ ಸ್ಟ್ಯಾಂಡಿನ ಗಡಿಯಾರ. ಗಡಿಯಾರವೇ ಐದು ನಿಮಿಷ ಮುಂದಿದ್ದರೆ ವೇಳಾಪಟ್ಟಿ ಎಷ್ಟು ಸರಿಯಿದ್ದೂ ಏನು ಪ್ರಯೋಜನ? ತೀರ್ಥಹಳ್ಳಿ ಬಸ್ಸೂ ಐದು ನಿಮಿಷ ಮುಂಚೆ, ಭದ್ರಾವತಿ ಬಸ್ಸೂ ಐದು ನಿಮಿಷ ಮುಂಚೆ, ಸಾಗರದ ಬಸ್ಸೂ ಐದು ನಿಮಿಷ ಮುಂಚೆ! ಕಂಡಕ್ಟರನ್ನು ಬೈದು ಫಲವಿಲ್ಲ, ಗಡಿಯಾರ ಸರಿಮಾಡಬೇಕು. ಬೇಸ್ ಟೈಮಿಂಗ್ ಇಡುವುದೆಂದರೆ ಈ ಗಡಿಯಾರವನ್ನು ಸರಿಯಿಡುವುದು.

ಈ ಟೊಯೋಟ ಎಂಜಿನ್ನಿಗೆ, ಅದರ ಹೆಸರು 3ಎಸ್-ಜಿಟಿಇ, ಕಂಪನಿ ಹೇಳಿದ ಬೇಸ್ 10 ಡಿಗ್ರಿ. ಆದರೆ ಸುಮ್ಮನೆ ಲೈಟು ಹಿಡಿದರೆ 10 ಕಾಣುವುದಿಲ್ಲ. ಯಾಕೆಂದರೆ ಐಡ್ಲಿಂಗಿನಲ್ಲೂ ಕಂಪ್ಯೂಟರು ತನ್ನ ಪಟ್ಟಿಯ ಪ್ರಕಾರ ಮೇಲೆ ಸ್ವಲ್ಪ ಸೇರಿಸುತ್ತಲೇ ಇರುತ್ತದೆ. ಅದನ್ನು ತಟಸ್ಥ ಮಾಡಬೇಕು. ಬಾನೆಟ್ಟಿನ ಕೆಳಗೆ ಒಂದು ಪುಟ್ಟ ಪೆಟ್ಟಿಗೆಯಿದೆ, ಅದರಲ್ಲಿ ಟಿಇ1, ಇ1 ಎಂಬ ಎರಡು ತೂತು. ಒಂದು ತುಂಡು ತಂತಿಯಿಂದ ಇವೆರಡನ್ನೂ ಸೇರಿಸಿದರೆ ಕಂಪ್ಯೂಟರು ಕೈ ಕಟ್ಟಿ ನಿಲ್ಲುತ್ತದೆ. ಆಗ ಕಾಣುವುದೇ ಅಸಲಿ ಬೇಸ್. ಎಲ್ಲ ಕಂಪನಿಯದ್ದೂ ಒಂದೇ ರೀತಿಯಲ್ಲ. ಮಿತ್ಸುಬಿಶಿಯ ಹಳೇ 4ಜಿ63 ಟರ್ಬೊ ಎಂಜಿನ್ನಿನಲ್ಲಿ ಒಂದು ಕನೆಕ್ಟರನ್ನು ಬಾಡಿಗೆ ಅರ್ಥ್ ಮಾಡಬೇಕು, ಅದರ ಬೇಸ್ 5 ಡಿಗ್ರಿ. ವ್ಯಾಕ್ಯೂಮ್ ಡಬ್ಬಿ ಇರುವ ಗಾಡಿಗಳಲ್ಲಿ ಸಾಮಾನ್ಯವಾಗಿ ಅದರ ಪೈಪು ಕಳಚಿ ಬಾಯಿ ಮುಚ್ಚಬೇಕು.

ಈಗ ಗೊತ್ತಾಯಿತೇ ಮೊದಲ ಗ್ಯಾರೇಜಿನವರು ಎಡವಿದ್ದು ಎಲ್ಲಿ ಅಂತ? ತಂತಿ ಹಾಕದೆ ಲೈಟು ಹಿಡಿದರು. ಕಂಡದ್ದು 16. ಪುಸ್ತಕದಲ್ಲಿ 10 ಎಂದಿದೆಯಲ್ಲ ಎಂದು ಆರು ಡಿಗ್ರಿ ಇಳಿಸಿದರು. ಅಸಲಿ ಬೇಸ್ 4ಕ್ಕೆ ಬಂತು! ಗಡಿಯಾರ ಹಿಂದೆ ಬಿತ್ತು. ಕಾರು ಮಂಕಾಗದೆ ಇನ್ನೇನಾಗುತ್ತದೆ? ಎರಡನೆಯ ಹುಡುಗ ಲೈಟೇ ಹಿಡಿಯಲಿಲ್ಲ. ಪಿಕಪ್ಪು ಸಿಗುವ ತನಕ ತಿರುಗಿಸಿದ. 4 ಇದ್ದದ್ದು 18 ಆಯಿತು. ಅವನ ಕೈ ತಿರುಗಿಸಿದ್ದು ಬಹಳವೇನಲ್ಲ. ಡಿಸ್ಟ್ರಿಬ್ಯೂಟರ್ ತಿರುಗುವುದು ಎಂಜಿನ್ನಿನ ಅರ್ಧ ವೇಗದಲ್ಲಿ. ಹಾಗಾಗಿ ಅದನ್ನು ಒಂದು ಡಿಗ್ರಿ ತಿರುಗಿಸಿದರೆ ಎಂಜಿನ್ನಿನ ಲೆಕ್ಕದಲ್ಲಿ ಎರಡು ಡಿಗ್ರಿ. ಕೈಗೆ ಏಳು, ಪಿಸ್ಟನ್ನಿಗೆ ಹದಿನಾಲ್ಕು!

ಟರ್ಬೊ ಎಂಬ ಊದುಕೊಳವೆ

ಇದೇ ತಪ್ಪು ಪದ್ಮಿನಿಯಲ್ಲಾಗಿದ್ದರೆ ಇಷ್ಟು ಅನಾಹುತ ಆಗುತ್ತಿತ್ತೇ? "ಆಗ್ತಿರ್ಲಿಲ್ಲ" ಎನ್ನುತ್ತಾರೆ ಮೇಸ್ತ್ರಿ. "ಅದು ಟಣಟಣ ಅಂತ ಗೋಳಾಡ್ತಿತ್ತು, ನೀವು ನಾಳೆ ಬಂದು ಸರಿ ಮಾಡಿಸ್ಕೊಂಡು ಹೋಗ್ತಿದ್ರಿ. ಟರ್ಬೊ ಹಂಗಲ್ಲ, ನಾಳೆ ತನ್ಕ ಕಾಯೋದಿಲ್ಲ."

ಕಾರಣವಿದೆ. ಎಂಜಿನ್ನಿನಿಂದ ಹೊರಗೆ ಹೋಗುವ ಬಿಸಿ ಹೊಗೆಯನ್ನೇ ಒಂದು ಚಕ್ರಕ್ಕೆ ಬಡಿಸಿ, ಅದರ ಇನ್ನೊಂದು ತುದಿಯ ಚಕ್ರದಿಂದ ಒಳಕ್ಕೆ ಗಾಳಿ ಊದಿಸುವುದೇ ಟರ್ಬೊ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಎಂಬ ಎಂಜಿನಿಯರು 1905ರಲ್ಲೇ ಇದಕ್ಕೆ ಪೇಟೆಂಟ್ ಪಡೆದ. ಕಾರಿನ ಟರ್ಬೊ ಚಕ್ರ ನಿಮಿಷಕ್ಕೆ ಒಂದು ಲಕ್ಷ ಸುತ್ತು ಮೀರಿ ತಿರುಗುತ್ತದೆ. ನಮ್ಮ ಅಜ್ಜಿಯರು ಊದುಕೊಳವೆಯಿಂದ ಒಲೆ ಊದುತ್ತಿರಲಿಲ್ಲವೇ? ಗಾಳಿ ಜಾಸ್ತಿ, ಉರಿ ಜಾಸ್ತಿ.

ಆದರೆ ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಸೈಕಲ್ ಪಂಪು ಹೊಡೆದವರಿಗೆ ಗೊತ್ತು, ಪಂಪಿನ ಬುಡ ಸುಡುತ್ತದೆ. ಹೀಗೆ ಮೊದಲೇ ಕಾದ, ಮೊದಲೇ ಒತ್ತಿದ ಗಾಳಿಯನ್ನು ಪಿಸ್ಟನ್ ಮತ್ತೆ ಒತ್ತುತ್ತದೆ. ಪ್ಲಗ್ಗು ಹಚ್ಚಿದ ಬೆಂಕಿ ಒಂದು ಮೂಲೆಯಿಂದ ಹರಡುತ್ತಿರುವಾಗಲೇ, ಇನ್ನೊಂದು ಮೂಲೆಯಲ್ಲಿ ಉಳಿದ ಮಿಶ್ರಣ ಶಾಖ ತಡೆಯದೆ ತಾನಾಗಿಯೇ ಹತ್ತಿಕೊಂಡುಬಿಟ್ಟರೆ? ಅದು ಉರಿಯಲ್ಲ, ಸಿಡಿತ. ಅದನ್ನೇ ನಾಕಿಂಗ್ ಎನ್ನುವುದು. ಡಬ್ಬಿಯೊಳಗೆ ಕಲ್ಲು ಹಾಕಿ ಅಲ್ಲಾಡಿಸಿದ ಸದ್ದು. ಕಿಡಿ ಮುಂಚೆ ಹಾರಿದಷ್ಟೂ ಒತ್ತಡ, ಶಾಖ ಏರಿ ಈ ಸಿಡಿತ ಹೆಚ್ಚುತ್ತದೆ. ಘಾಟಿ ಹತ್ತುವಾಗ ಆಕ್ಸಿಲರೇಟರ್ ಪೂರ್ತಿ ಒತ್ತಿ, ಟರ್ಬೊ ಪೂರ್ತಿ ಊದುತ್ತಿದ್ದರೆ ಕೇಳುವುದೇ ಬೇಡ. ಪ್ರತಿ ಸಿಡಿತವೂ ಪಿಸ್ಟನ್ನಿನ ತಲೆಗೆ ಸುತ್ತಿಗೆ ಏಟು.

ಹಾಗಾದರೆ ತಡ ಮಾಡಿ ಇಟ್ಟರೆ ಕ್ಷೇಮವಲ್ಲವೇ ಎಂದು ಜಾಣರು ಕೇಳಬಹುದು. ಅದೂ ತಪ್ಪು. ತಡವಾಗಿ ಹತ್ತಿದ ಬೆಂಕಿ ಹೊರಬಾಗಿಲು ತೆರೆದರೂ ಉರಿಯುತ್ತಲೇ ಇರುತ್ತದೆ. ಎಕ್ಸಾಸ್ಟ್ ವಾಲ್ವು, ಮ್ಯಾನಿಫೋಲ್ಡು, ಟರ್ಬೊ ಚಕ್ರ ಎಲ್ಲ ಕೆಂಡವಾಗುತ್ತವೆ. ಪೆಟ್ರೋಲ್ ದಂಡ, ಪಿಕಪ್ಪೂ ಇಲ್ಲ. ಮುಂದೆ ಹೋದರೆ ಪಿಸ್ಟನ್, ಹಿಂದೆ ಹೋದರೆ ಟರ್ಬೊ. ಅತ್ತ ದರಿ, ಇತ್ತ ಪುಲಿ!

ದೊಡ್ಡ ಕಂಪನಿಗಳೂ ಬೆರಳು ಸುಟ್ಟುಕೊಂಡಿವೆ

ನಾಕಿಂಗಿಗೆ ಹೆದರಿದವರು ನಮ್ಮೂರ ಹುಡುಗರು ಮಾತ್ರವಲ್ಲ. ಅಮೆರಿಕದ ಓಲ್ಡ್ಸ್‌ಮೊಬೈಲ್ ಕಂಪನಿ 1962ರಲ್ಲಿ ಜೆಟ್‌ಫೈರ್ ಎಂಬ ಟರ್ಬೊ ಕಾರು ತಂದಿತು. ನಾಕಿಂಗ್ ತಡೆಯಲು ಅದರಲ್ಲಿ ಒಂದು ಪ್ರತ್ಯೇಕ ಟ್ಯಾಂಕು. ನೀರು ಮತ್ತು ಮೆಥನಾಲ್ ಬೆರೆಸಿದ ದ್ರವ ಅದರಲ್ಲಿ. ಟರ್ಬೊ ಊದಿದಾಗ ಇದು ಎಂಜಿನ್ನಿಗೆ ಸಿಂಪಡಿಸಬೇಕು, ಒಳಗಿನ ಶಾಖ ಇಳಿಯಬೇಕು. ಉಪಾಯವೇನೋ ಸೊಗಸು. ಆದರೆ ಜನ ಆ ಟ್ಯಾಂಕು ತುಂಬುವುದನ್ನೇ ಮರೆತರು. ದ್ರವ ಮುಗಿದರೆ ಕಾರು ತಾನಾಗಿ ಟರ್ಬೊ ಒತ್ತಡ ಇಳಿಸಿಕೊಳ್ಳುತ್ತಿತ್ತು. "ಶಕ್ತಿಯೇ ಇಲ್ಲ" ಎಂದು ಜನ ಗೊಣಗಿದರು. ಎಷ್ಟೋ ಮಂದಿ ಟರ್ಬೊವನ್ನೇ ಕಿತ್ತು ಹಾಕಿಸಿದರು. 1963ಕ್ಕೆ ಆ ಕಾರಿನ ಕತೆ ಮುಗಿಯಿತು.

ಸ್ವೀಡನ್ನಿನ ಸಾಬ್ ಕಂಪನಿ 1977ರಲ್ಲಿ ತನ್ನ 99 ಟರ್ಬೊ ಕಾರನ್ನು ಜನರ ಮುಂದಿಟ್ಟಿತು. ಐದು ವರ್ಷದ ಬಳಿಕ, 1982ರಲ್ಲಿ, ಎಂಜಿನ್ನಿಗೆ ಒಂದು ಕಿವಿಯನ್ನೇ ಕೊಟ್ಟಿತು. ನಾಕ್ ಸೆನ್ಸರ್ ಎಂದು ಅದರ ಹೆಸರು. ನಾಕಿಂಗಿನ ಸದ್ದು ಕೇಳಿದ ಕೂಡಲೇ ಟರ್ಬೊ ಒತ್ತಡ ಕಡಿಮೆ ಮಾಡುವ ವ್ಯವಸ್ಥೆ. ನಮ್ಮ ಗಾಂಧಿ ಬಜಾರಿನ ಟೊಯೋಟದಲ್ಲೂ ಅಂಥದೊಂದು ಸೆನ್ಸರ್ ಇದೆ. ಸದ್ದು ಕೇಳಿದರೆ ಅದು ಟೈಮಿಂಗನ್ನು ಕೆಲವು ಡಿಗ್ರಿ ಹಿಂದೆಳೆಯುತ್ತದೆ.

ಹಾಗಿದ್ದೂ ಪಿಸ್ಟನ್ ಯಾಕೆ ಒಡೆಯಿತು? "ಸೆನ್ಸರ್ ಅಂದ್ರೆ ಕಾವಲುಗಾರ ಸ್ವಾಮಿ. ಒಬ್ಬ ಕಳ್ಳ ಬಂದ್ರೆ ಹಿಡೀತಾನೆ. ನೀವೇ ಬಾಗಿಲು ತೆಗೆದಿಟ್ಟು ಹತ್ತು ಜನ ಕಳ್ಳರನ್ನ ಒಳಗೆ ಕರೆದ್ರೆ ಅವ್ನೇನ್ ಮಾಡ್ತಾನೆ?" ಇದು ಮೇಸ್ತ್ರಿಗಳ ಉತ್ತರ. ಸೆನ್ಸರಿನ ಅಧಿಕಾರಕ್ಕೆ ಮಿತಿಯಿದೆ. ಗಡಿಯಾರವೇ ಎಂಟು ಡಿಗ್ರಿ ಮುಂದಿದ್ದರೆ, ಅದರ ಮೇಲೆ ಘಾಟಿಯ ಭಾರ ಬಿದ್ದರೆ, ಅದರ ಕೈ ಸೋಲುತ್ತದೆ. ಕಾರಿನೊಳಗೆ ಹಾಡು ಜೋರಾಗಿದ್ದುದರಿಂದ ಯಜಮಾನರ ಕಿವಿಗೂ ಸದ್ದು ಬೀಳಲಿಲ್ಲ. ಇದನ್ನು ಅವರೇ ಹೇಳಿದರು.

ಸರಿಯಾಗಿ ಇಡುವುದು ಹೇಗೆ?

ಮೇಸ್ತ್ರಿಗಳು ಅಂದು ಇಬ್ಬರು ಮೆಕ್ಯಾನಿಕ್ಕುಗಳನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡು ಹೇಳಿದ ಕ್ರಮ ಇದು. ಗಾಡಿ ಇರುವವರು ಕತ್ತರಿಸಿ ಇಟ್ಟುಕೊಳ್ಳಬಹುದು.

ಒಂದು, ಎಂಜಿನ್ ಚೆನ್ನಾಗಿ ಕಾದಿರಬೇಕು. ತಣ್ಣಗಿರುವಾಗ ನೋಡಿದ ಟೈಮಿಂಗ್ ಲೆಕ್ಕಕ್ಕಿಲ್ಲ. ಹೆಡ್‌ಲೈಟು, ಏಸಿ ಎಲ್ಲ ಬಂದ್. ಐಡ್ಲಿಂಗ್ ಕಂಪನಿ ಹೇಳಿದಷ್ಟಿರಬೇಕು.

ಎರಡು, ಪುಲ್ಲಿಯ ಮೇಲಿನ ಗೀಟನ್ನು ಒರೆಸಿ ಸೀಮೆಸುಣ್ಣ ಹಚ್ಚಬೇಕು. ಆದರೆ ಆ ಗೀಟನ್ನೂ ಕಣ್ಣು ಮುಚ್ಚಿ ನಂಬಬಾರದು! ಹಳೇ ಗಾಡಿಯ ಪುಲ್ಲಿ ಎರಡು ಉಂಗುರ ಸೇರಿಸಿ ಮಾಡಿದ್ದು, ಮಧ್ಯೆ ರಬ್ಬರ್. ವಯಸ್ಸಾದ ರಬ್ಬರ್ ಬಿಟ್ಟುಕೊಂಡರೆ ಹೊರಗಿನ ಉಂಗುರ ಜಾರುತ್ತದೆ, ಅದರ ಜೊತೆ ಗೀಟೂ ಜಾರುತ್ತದೆ. ಒಂದನೇ ಸಿಲಿಂಡರಿನ ಪ್ಲಗ್ಗು ಬಿಚ್ಚಿ, ಪಿಸ್ಟನ್ ನಿಜವಾಗಿ ತುದಿಗೆ ಬಂದಾಗ ಗೀಟು ಸೊನ್ನೆಗೆ ಬರುತ್ತದೆಯೇ ಎಂದು ಒಮ್ಮೆ ತಾಳೆ ನೋಡಬೇಕು.

ಮೂರು, ಟೈಮಿಂಗ್ ಲೈಟಿನ ಎರಡು ವೈರು ಬ್ಯಾಟರಿಗೆ, ಚಿಮಟ ಒಂದನೇ ಪ್ಲಗ್ಗಿನ ವೈರಿಗೆ. ಒಂದನೇ ಪ್ಲಗ್ಗು ಕಿಡಿ ಕೊಟ್ಟಾಗಲೆಲ್ಲ ಲೈಟು ಮಿಂಚುತ್ತದೆ, ಓಡುವ ಗೀಟು ನಿಂತ ಹಾಗೆ ಕಾಣುತ್ತದೆ.

ನಾಲ್ಕು, ಕಂಪ್ಯೂಟರಿನ ಕೈ ಕಟ್ಟುವ ಆ ತುಂಡು ತಂತಿ. ಯಾವ ತೂತಿಗೆ ಯಾವುದು ಎಂಬುದನ್ನು ಆ ಗಾಡಿಯ ಪುಸ್ತಕ ನೋಡಿಯೇ ಹಾಕಬೇಕು. ಅಂದಾಜಿನಲ್ಲಿ ಬೇರೆ ತೂತಿಗೆ ಹಾಕಿದರೆ ಕಂಪ್ಯೂಟರೇ ಸುಟ್ಟೀತು.

ಐದು, ಡಿಸ್ಟ್ರಿಬ್ಯೂಟರಿನ ಬೋಲ್ಟನ್ನು ಪೂರ್ತಿ ಬಿಚ್ಚಬಾರದು, ಕೈಗೆ ತಿರುಗುವಷ್ಟು ಸಡಿಲಿಸಿದರೆ ಸಾಕು. ರೋಟರ್ ತಿರುಗುವ ದಿಕ್ಕಿಗೆ ವಿರುದ್ಧ ತಿರುಗಿಸಿದರೆ ಅಡ್ವಾನ್ಸು, ಅದೇ ದಿಕ್ಕಿಗೆ ತಿರುಗಿಸಿದರೆ ರಿಟಾರ್ಡು. ಗೀಟು ಜಾಗಕ್ಕೆ ಬಂದ ಮೇಲೆ ಬೋಲ್ಟು ಬಿಗಿದು, ಮತ್ತೊಮ್ಮೆ ಲೈಟು ಹಿಡಿಯಬೇಕು. ಬಿಗಿಯುವಾಗಲೇ ಒಂದೆರಡು ಡಿಗ್ರಿ ಜಾರುವುದುಂಟು.

ಆರು, ತಂತಿ ತೆಗೆಯಬೇಕು. ತೆಗೆದ ಮೇಲೆ ಟೈಮಿಂಗ್ ಸ್ವಲ್ಪ ಬದಲಾಗಬೇಕು. ಬದಲಾಯಿತು ಎಂದರೆ ಕಂಪ್ಯೂಟರು ಮತ್ತೆ ಕೆಲಸಕ್ಕೆ ಹಾಜರ್ ಎಂದರ್ಥ. ಬದಲಾಗದಿದ್ದರೆ ಇನ್ನೇನೋ ಊನವಿದೆ, ಗಾಡಿ ರಸ್ತೆಗೆ ಬಿಡಬೇಡಿ.

ಕೊನೆಗೊಂದು ಎಚ್ಚರಿಕೆ. ಟೈಮಿಂಗ್ ಲೈಟಿನ ಬೆಳಕಿನಲ್ಲಿ ಗೀಟು ಮಾತ್ರವಲ್ಲ, ಬೆಲ್ಟು, ಫ್ಯಾನು ಕೂಡ ನಿಂತ ಹಾಗೆ ಕಾಣಬಹುದು. ನಿಂತಿದೆ ಎಂದು ಕೈ ಹಾಕಿದರೆ ಬೆರಳು ಹೋಯಿತು. ಪಂಚೆ, ಲುಂಗಿ, ಹೆಗಲ ಮೇಲಿನ ಟವೆಲ್ಲು ದೂರವಿರಲಿ. ಪ್ಲಗ್ಗಿನ ವೈರಿನಲ್ಲಿ ಇಪ್ಪತ್ತು ಸಾವಿರ ವೋಲ್ಟಿಗೂ ಮೇಲೆ ಹರಿಯುತ್ತದೆ, ಬರಿಗೈಯಲ್ಲಿ ಮುಟ್ಟಬೇಡಿ.

ಪೆಟ್ರೋಲಿನ ಪಾಲು

ಹುಡುಗ ಬಂಕಿನ ಮೇಲೆ ಹೊರಿಸಿದ ಆರೋಪ ಅಂದು ನಿಲ್ಲಲಿಲ್ಲ. ಆದರೆ ಮಾತು ಪೂರ್ತಿ ಸುಳ್ಳಲ್ಲ. ನಾಕಿಂಗ್ ತಡೆಯುವ ಪೆಟ್ರೋಲಿನ ಗುಣಕ್ಕೆ ಆಕ್ಟೇನ್ ಎಂಬ ಅಳತೆಯಿದೆ. ಹಿಂದೆ ಅದನ್ನು ಹೆಚ್ಚಿಸಲು ಸೀಸ ಬೆರೆಸುತ್ತಿದ್ದರು. 1921ರಲ್ಲಿ ಅಮೆರಿಕದ ಥಾಮಸ್ ಮಿಡ್ಗ್ಲಿ ಕಂಡುಹಿಡಿದದ್ದು. ಆ ಸೀಸ ಮಕ್ಕಳ ಮಿದುಳಿಗೇ ವಿಷವೆಂದು ತಿಳಿದ ಮೇಲೆ ಜಗತ್ತು ಅದನ್ನು ಕೈಬಿಟ್ಟಿತು. ನಮ್ಮ ದೇಶದಲ್ಲಿ 2000ದ ಫೆಬ್ರವರಿಯಿಂದ ಸೀಸದ ಪೆಟ್ರೋಲ್ ನಿಂತಿತು. 2025ಕ್ಕೆ ಪೆಟ್ರೋಲಿನಲ್ಲಿ ಶೇಕಡಾ 20 ಎಥನಾಲ್ ಬಂದಿದೆ. ಎಥನಾಲ್ ಆಕ್ಟೇನ್ ಹೆಚ್ಚಿಸುತ್ತದೆ, ನಿಜ. ಹಾಗಂತ "ಇನ್ನು ನಾಕಿಂಗ್ ಭಯ ಇಲ್ಲ, ಟೈಮಿಂಗ್ ಏರಿಸಿ" ಎನ್ನುವಂತಿಲ್ಲ. ಹಳೇ ಗಾಡಿಯ ರಬ್ಬರ್ ಪೈಪು, ಸೀಲುಗಳನ್ನು ಎಥನಾಲಿಗಾಗಿ ಮಾಡಿದ್ದಲ್ಲ, ಅವನ್ನೂ ಆಗಾಗ ನೋಡಿಸಬೇಕು. ಇನ್ನು ಸೀಮೆಎಣ್ಣೆ ಕಲಬೆರಕೆಯಾದರೆ ಆಕ್ಟೇನ್ ಬಿದ್ದು, ಸರಿಯಿದ್ದ ಟೈಮಿಂಗಿನಲ್ಲೂ ನಾಕಿಂಗ್ ಶುರುವಾಗುತ್ತದೆ.

ಬಸ್ಸಿನವರು ಕೇಳಬಹುದು, ನಮ್ಮ ಬಸ್ಸಿಗೂ ಟರ್ಬೊ ಇದೆಯಲ್ಲ, ಅದಕ್ಕೂ ಈ ಕಾಟವೇ ಅಂತ. ಇಲ್ಲ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯ ಪ್ಲಗ್ಗೇ ಇಲ್ಲ. ಅಲ್ಲಿ ಬರೀ ಗಾಳಿಯನ್ನು ಒತ್ತಿ ಕಾಯಿಸಿ, ಅದಕ್ಕೆ ಡೀಸೆಲ್ ಚಿಮ್ಮಿಸುತ್ತಾರೆ. ಚಿಮ್ಮಿಸುವ ಹೊತ್ತಿಗೆ ಅಲ್ಲೂ ಒಂದು ಟೈಮಿಂಗ್ ಇದೆ, ಆದರೆ ಅದರ ದಾರಿಯೇ ಬೇರೆ.

ತೀರ್ಪು ಏನಾಯಿತು?

ಮೇಸ್ತ್ರಿಗಳು ಯಾರನ್ನೂ ಬೈಯಲಿಲ್ಲ. ಮೊದಲ ಗ್ಯಾರೇಜಿನವರಿಗೆ ಹೇಳಿದರು: "ನಿಮ್ಮತ್ರ ಲೈಟಿತ್ತು, ಪುಸ್ತಕ ಪೂರ್ತಿ ಓದ್ಲಿಲ್ಲ." ಹುಡುಗನಿಗೆ ಹೇಳಿದರು: "ನಿಂಗೆ ಕಿವಿ ಇದೆ ಮಗಾ, ಲೈಟಿಲ್ಲ. ಕಾರ್ಬ್ಯುರೇಟರ್ ಗಾಡಿಗೆ ಕಿವಿ ಸಾಕು, ಇದಕ್ಕೆ ಸಾಲ್ದು." ಯಜಮಾನರಿಗೆ ಹೇಳಿದ್ದು ಇನ್ನೂ ಖಾರ: "ಸಾವ್ಕಾರ್ರೇ, ನಿಮ್ಮಂಗಡಿ ತಕ್ಕಡಿ ವರ್ಷಕ್ಕೊಂದ್ಸಲ ಸೀಲ್ ಮಾಡಿಸ್ತೀರಿ. ಈ ಗಾಡಿಗೆ ಎಷ್ಟು ಡಿಗ್ರಿ ಇಟ್ರಿ ಅಂತ ಯಾರನ್ನಾದ್ರೂ ಒಂದ್ಮಾತು ಕೇಳಿದ್ರಾ?"

ಸಾವ್ಕಾರರು ಉತ್ತರ ಕೊಡಲಿಲ್ಲ. ಆದರೆ ಪೊಲೀಸ್ ಠಾಣೆಗೂ ಹೋಗಲಿಲ್ಲ. ಕೊನೆಗೆ ಆದ ಒಪ್ಪಂದವಿದು: ಪಿಸ್ಟನ್, ರಿಂಗು, ಗ್ಯಾಸ್ಕೆಟ್ಟಿನ ಖರ್ಚು ಯಜಮಾನರದು. ಮೊದಲ ಗ್ಯಾರೇಜಿನವರು ತಾವು ತೆಗೆದುಕೊಂಡ ಕೂಲಿ ವಾಪಸ್ ಕೊಡುವುದು. ಹುಡುಗ ಎಂಜಿನ್ ಕೂಡಿಸುವ ಕೆಲಸಕ್ಕೆ ಮೇಸ್ತ್ರಿಗಳ ಕೈಕೆಳಗೆ ನಿಲ್ಲುವುದು, ಕೂಲಿ ಇಲ್ಲ. ಅಂಗಡಿಯ ಎರಡು ತಿಂಗಳ ಲಾಭ ಆ ಎಂಜಿನ್ನಿಗೆ ಹೋಯಿತು ಎಂದು ಯಜಮಾನರ ಅಳಲು. ಹುಡುಗನ ಶೆಡ್ಡು ಉಳಿಯಿತು. ಅದೇ ದೊಡ್ಡದು. ಬ್ಯಾಂಕ್ ಸಾಲದ ಮೇಲೆ ನಿಂತ ಶೆಡ್ಡದು. ಹೆಸರು ಕೆಟ್ಟಿದ್ದರೆ ಗಿರಾಕಿ ಹೋಗುತ್ತಿದ್ದರು, ಕಂತು ಮಾತ್ರ ಹೋಗುತ್ತಿರಲಿಲ್ಲ.

ಇದರಲ್ಲಿ ಗಾಡಿ ಇಟ್ಟುಕೊಂಡ ನಮಗೆ ನಿಮಗೆ ಒಂದು ಪಾಠವಿದೆ. ಹೊಸ ಕಾರುಗಳಲ್ಲಿ ಡಿಸ್ಟ್ರಿಬ್ಯೂಟರ್ ಇಲ್ಲ, ತಿರುಗಿಸಲು ಏನೂ ಇಲ್ಲ. ಹಾಗಾಗಿ ಹೊಸ ಹುಡುಗರಿಗೆ ಈ ಕೆಲಸ ಕಲಿಯುವ ಸಂದರ್ಭವೇ ಬರುವುದಿಲ್ಲ. ಬಲ್ಲ ಹಿರಿಯರು ಒಬ್ಬೊಬ್ಬರೇ ಅಂಗಡಿ ಮುಚ್ಚುತ್ತಿದ್ದಾರೆ. ಆದರೆ ಹಳೇ ಮಾರುತಿ, ಪದ್ಮಿನಿ, ಅಂಬಾಸಡರ್ ಇಟ್ಟುಕೊಂಡವರು ಜಿಲ್ಲೆಯಲ್ಲಿ ಇನ್ನೂ ಇದ್ದಾರೆ. ಅಂಥವರು ಗ್ಯಾರೇಜಿಗೆ ಹೋದಾಗ ಮೂರು ಪ್ರಶ್ನೆ ಕೇಳಲಿ. ಈ ಗಾಡಿಗೆ ಎಷ್ಟು ಡಿಗ್ರಿ? ಲೈಟು ಹಿಡಿದು ನೋಡಿದ್ರಾ? ಕಂಪ್ಯೂಟರೋ ವ್ಯಾಕ್ಯೂಮ್ ಪೈಪೋ ಕಳಚಿ ನೋಡಿದ್ರಾ? ಉತ್ತರ ಬಂದರೆ ಗಾಡಿ ಬಿಡಿ. "ಅದೆಲ್ಲ ನಂಗ್ ಬಿಡಿ ಸಾರ್" ಎಂದರೆ ಕೀ ಜೇಬಿಗೆ ಹಾಕಿಕೊಂಡು ಮುಂದಿನ ಗ್ಯಾರೇಜಿಗೆ ನಡೆಯಿರಿ.

ಅಂದಹಾಗೆ ಆ ಹುಡುಗ ಈಗ ಒಂದು ಟೈಮಿಂಗ್ ಲೈಟು ಕೊಂಡಿದ್ದಾನೆ, ಸೆಕೆಂಡ್‌ಹ್ಯಾಂಡ್. ಅದರ ಹಿಡಿಕೆಗೆ ಒಂದು ತುಂಡು ತಂತಿಯನ್ನು ಟೇಪಿನಿಂದ ಸುತ್ತಿಟ್ಟಿದ್ದಾನೆ. ಯಾಕಪ್ಪಾ ಎಂದರೆ, "ಇದು ಹಾಕಿದ್ಮೇಲೇ ಲೈಟು ಮುಟ್ಟೋದು ಸಾರ್" ಅಂದ.